ಸಾಕಬೇಕಾದವು, ಬಿಟ್ಟು ಬರಬೇಕಾದವು

ಆಷಾಢದ ಗಾಳಿ ಬೀಸತೊಡಗಿದರೆ ರಾಜಾಜಿನಗರ, ಮಾಗಡಿ ರಸ್ತೆ, ವಿಜಯನಗರದ ಮಹಡಿಗಳ ಮೇಲಿಂದ ಗಾಳಿಪಟಗಳು ಏಳುತ್ತವೆ. ಗುಜರಾತಿನವರಿಗೆ ಇದು ಸಂಕ್ರಾಂತಿಯ ಆಟ, ಬೆಂಗಳೂರಿಗೆ ಜೂನ್-ಜುಲೈ ತಿಂಗಳ ಆಟ. ಮುಂಗಾರು ಈ ಊರಿಗೆ ಆಗ ಮಳೆಗಿಂತ ಹೆಚ್ಚಾಗಿ ಗಾಳಿಯನ್ನೇ ತರುತ್ತದಲ್ಲ. ಅದೇ ದಿನಗಳಲ್ಲಿ ಕೆಂಗೇರಿಯ ಒಂದು ಆಸ್ಪತ್ರೆಗೆ ತೂತು ಕೊರೆದ ರಟ್ಟಿನ ಡಬ್ಬಗಳು ಬರತೊಡಗುತ್ತವೆ. ಒಳಗೆ ಹದ್ದು, ಗೂಬೆ, ಕಾಗೆ, ಬಾವಲಿ. ರೆಕ್ಕೆಗೆ ಸುತ್ತಿದ ಮಾಂಜಾ ಚರ್ಮ ಕೊಯ್ದು, ಸ್ನಾಯು ಕೊಯ್ದು, ಕೆಲವೊಮ್ಮೆ ಮೂಳೆಯವರೆಗೂ ಇಳಿದಿರುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿತು. ಹತ್ತಿ ದಾರ ಒಂದು ಮಳೆಗೆ ಕೊಳೆತು ಹೋಗುತ್ತದೆ, ನೈಲಾನ್ ಕೊಳೆಯುವುದಿಲ್ಲ. ಆಟ ಮುಗಿದು ತಿಂಗಳುಗಳಾದ ಮೇಲೂ ಅದು ಮರದಲ್ಲಿ, ಕೇಬಲ್ಲಿನಲ್ಲಿ ನೇತಾಡುತ್ತಾ ಹಕ್ಕಿಗಾಗಿ ಕಾಯುತ್ತಿರುತ್ತದೆ.

ಆ ಆಸ್ಪತ್ರೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಬೆಂಗಳೂರು ಘಟಕದ್ದು. 1996ರಲ್ಲಿ ಶುರುವಾದ ಇದು ನಗರದೊಳಗೇ ಬದುಕುವ ಕಾಡುಜೀವಿಗಳಿಗಾಗಿ ಇರುವ ಚಿಕಿತ್ಸಾಲಯ ಮತ್ತು ಪುನರ್ವಸತಿ ಕೇಂದ್ರ. ‘ನಗರದೊಳಗಿನ ಕಾಡುಜೀವಿ’ ಎಂದರೆ ಕೆಲವರಿಗೆ ಅಚ್ಚರಿ. ಆದರೆ ಬಸವೇಶ್ವರನಗರದ ಹೊಂಗೆ ಮರದಲ್ಲಿ ಅಳಿಲಿದೆ, ಹಳೆಯ ಕಟ್ಟಡದ ಸಂದಿಯಲ್ಲಿ ಕಣಜ ಗೂಬೆಯಿದೆ, ಕೆಂಗೇರಿ ಕಡೆಯ ಖಾಲಿ ಸೈಟಿನಲ್ಲಿ ಕೇರೆ, ನಾಗರ, ಕೊಳಕುಮಂಡಲ ಮೂರೂ ಇವೆ. ಮಾವಿನ ಮರಕ್ಕೆ ರಾತ್ರಿ ಬರುವ ಬಾವಲಿಯಂತೂ ಎಲ್ಲರಿಗೂ ಗೊತ್ತು. ಮರದ ಕೊಂಬೆ ಸವರಿದಾಗ, ಮುಂಗಾರು ಪೂರ್ವದ ಬಿರುಮಳೆ ಬಂದಾಗ ಇವುಗಳ ಮರಿಗಳು ನೆಲಕ್ಕೆ ಬೀಳುತ್ತವೆ.

ಬಿದ್ದ ಮರಿಯನ್ನು ಕಂಡ ಮನೆಯವರು ಮೊದಲು ಮಾಡುವುದು ಎರಡು ಕೆಲಸ. ಬಾಯಿಗೆ ನೀರು ಬಿಡುವುದು, ಹಸುವಿನ ಹಾಲು ಕುಡಿಸುವುದು. ಎರಡೂ ಕೊಲ್ಲುತ್ತವೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಕೊಕ್ಕು ಬಿಡಿಸಿ ಸುರಿದ ನೀರು ಹೊಟ್ಟೆಗೆ ಹೋಗುವ ಬದಲು ಪುಪ್ಪುಸಕ್ಕೆ ಇಳಿಯುತ್ತದೆ. ಅಳಿಲಿನ ಮರಿಗೆ ಹಸುವಿನ ಹಾಲು ಭೇದಿ ತರಿಸುತ್ತದೆ. ಹೀಗಾಗಿ ಡಬ್ಬದಲ್ಲಿಟ್ಟು, ಬಟ್ಟೆ ಮುಚ್ಚಿ, ಕತ್ತಲಲ್ಲಿ ಸದ್ದಿಲ್ಲದೆ ಬಿಟ್ಟು ಕರೆ ಮಾಡುವುದೇ ಪ್ರಥಮ ಚಿಕಿತ್ಸೆ. ಮಾಂಜಾ ಸುತ್ತಿದ್ದರೆ ಎಳೆಯಬಾರದು. ಮರಕ್ಕೆ ಕಟ್ಟಿದ ತುದಿಯನ್ನಷ್ಟೇ ಕತ್ತರಿಸಿ, ರೆಕ್ಕೆಯೊಳಗಿನದನ್ನು ವೈದ್ಯರಿಗೆ ಬಿಡಬೇಕು. ಇನ್ನೂ ಹಾರಲು ಕಲಿಯುತ್ತಿರುವ, ಗಾಯವಿಲ್ಲದ ಮರಿಯಾದರೆ ಕೊಂಬೆಯ ಮೇಲೋ ಗೂಡಿಗೋ ವಾಪಸು ಇಡಬಹುದು. ಮನುಷ್ಯನ ವಾಸನೆ ತಾಗಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಎಂದು ಅಜ್ಜಿಯರು ಹೇಳುವುದುಂಟು. ಹಕ್ಕಿಗಳ ಮಟ್ಟಿಗೆ ಅದು ನಿಜವಲ್ಲ.

ಗುಣವಾದ ಹದ್ದನ್ನು ಮನೆಯಲ್ಲಿಟ್ಟುಕೊಳ್ಳುವ ಆಸೆ ಯಾರಿಗೂ ಇರಲಾರದು. ಗಿಳಿಯ ವಿಷಯ ಹಾಗಲ್ಲ. ‘ಪಾಪ, ರೆಕ್ಕೆ ಮುರಿದಿತ್ತು, ಸಾಕಿಕೊಂಡ್ವಿ’ ಎಂದು ಪಂಜರ ತೋರಿಸುವ ಮನೆಗಳು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಳಿಯನ್ನು, ಮುನಿಯವನ್ನು, ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವಂತಿಲ್ಲ. ಆಮೆ ಇದ್ದರೆ ಲಕ್ಷ್ಮಿ ಬರುತ್ತಾಳೆ ಎನ್ನುವವರಿಗೆ ಅರಣ್ಯ ಇಲಾಖೆಯವರೂ ಬರಬಹುದು ಎಂದು ನೆನಪಿಸಬೇಕಾಗುತ್ತದೆ.

ಪ್ರಾಣಿರಕ್ಷಣೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಡಿಲಲ್ಲಿ ಎತ್ತಿಕೊಂಡು ಮನೆಗೆ ತರುವ ದೃಶ್ಯ. ಈ ಕೆಲಸ ಬಲ್ಲವರು ಮೊದಲು ಕೇಳುವ ಪ್ರಶ್ನೆಯೇ ಬೇರೆ: ಇದು ಎಲ್ಲಿಯ ಜೀವ? ಕಾಡಿನದೋ, ಬೀದಿಯದೋ, ಮನೆಯದೋ? ಎಲ್ಲಿಯದೋ ಅಲ್ಲಿಗೆ ಮರಳಿ ಮುಟ್ಟಿಸಿದರೆ ಮಾತ್ರ ರಕ್ಷಣೆ. ಇಲ್ಲವಾದರೆ ಅದೊಂದು ಒಳ್ಳೆಯ ಮನಸ್ಸಿನ ಅಪಹರಣ.

ಈ ಮಾತು ಸ್ವಯಂಸೇವಕರಿಗೆ ಅರಗುವುದು ನಿಧಾನ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಕೆಂಗೇರಿ ದೂರವೇನಲ್ಲ. 2021ರ ಆಗಸ್ಟ್‌ನಿಂದ ರೈಲು ಅಲ್ಲಿಯವರೆಗೂ ಓಡುತ್ತಿದೆ. ಭಾನುವಾರ ಪ್ರಾಣಿಗಳ ಜೊತೆ ಕಳೆಯೋಣ ಎಂದು ಹೊರಡುವ ಕಾಲೇಜು ಹುಡುಗರಿಗೆ ಕಾಡುಜೀವಿಗಳ ಕೇಂದ್ರಗಳಲ್ಲಿ ಸಿಗುವುದು ಪೊರಕೆ, ಬಕೆಟ್ಟು, ಹಣ್ಣು ಹೆಚ್ಚುವ ಚಾಕು. ಮುಟ್ಟಿ ಮುದ್ದಿಸಲು ಬಿಡುವುದಿಲ್ಲ, ಮಾತಾಡಿಸಲೂ ಬಿಡುವುದಿಲ್ಲ. ಮನುಷ್ಯನ ಕೈಯಿಂದ ತಿಂದು, ಮನುಷ್ಯನ ದನಿಗೆ ಒಗ್ಗಿದ ಕೋತಿಮರಿ ನಾಳೆ ಬಿಟ್ಟ ಮೇಲೆ ಮತ್ತೆ ಮನುಷ್ಯನ ಹೆಗಲನ್ನೇ ಹುಡುಕಿಕೊಂಡು ಬರುತ್ತದೆ, ಕಲ್ಲೇಟು ತಿನ್ನುತ್ತದೆ. ಹಾಗಾಗಿ ಅಲ್ಲಿ ಪ್ರೀತಿ ತೋರಿಸುವ ಬಗೆ ಎಂದರೆ ದೂರ ನಿಲ್ಲುವುದು. ಮೊದಲ ವಾರ ಬಂದವರಲ್ಲಿ ಎಷ್ಟೋ ಮಂದಿ ಎರಡನೆಯ ವಾರ ಬರುವುದಿಲ್ಲ. ಬಂದವರು ಮಾತ್ರ ವರ್ಷಗಟ್ಟಲೆ ಬರುತ್ತಾರೆ.

ಈ ಕೆಲಸವನ್ನು ಮನೆಯೊಳಗೇ ಮಾಡಿದವರೂ ಇದ್ದಾರೆ. ದೆಹಲಿಯ ವಜೀರಾಬಾದಿನಲ್ಲಿ ಇಬ್ಬರು ಸಹೋದರರು, ನದೀಂ ಶೆಹಜಾದ್ ಮತ್ತು ಮೊಹಮ್ಮದ್ ಸೌದ್, ತಮ್ಮ ಮನೆಯ ನೆಲಮಾಳಿಗೆಯಲ್ಲೇ ಹದ್ದುಗಳ ಆಸ್ಪತ್ರೆ ನಡೆಸಿದ ಕತೆ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರದಿಂದ ಲೋಕಕ್ಕೆಲ್ಲ ಗೊತ್ತಾಯಿತು. ಶೌನಕ್ ಸೇನ್ ನಿರ್ದೇಶಿಸಿದ ಅದು 2022ರಲ್ಲಿ ಸನ್‌ಡಾನ್ಸ್ ಮತ್ತು ಕಾನ್ ಎರಡೂ ಕಡೆ ಪ್ರಶಸ್ತಿ ಗೆದ್ದಿತು. ಆ ಸಹೋದರರ ದಾರಿ ಶುರುವಾಗಿದ್ದು, ಗಾಯಗೊಂಡ ಹದ್ದನ್ನು ಒಯ್ದಾಗ ಅದು ಮಾಂಸಾಹಾರಿ ಎಂಬ ಕಾರಣಕ್ಕೆ ಹಕ್ಕಿಗಳ ಆಸ್ಪತ್ರೆಯೊಂದು ಸೇರಿಸಿಕೊಳ್ಳದಿದ್ದಾಗ. ಹೆಂಡತಿ ಮಕ್ಕಳಿರುವ ಸಾಧಾರಣ ಮನೆಯೊಂದರಲ್ಲಿ ಹದ್ದುಗಳಿಗೆಂದು ಕೊಚ್ಚಿದ ಮಾಂಸ ಸಿದ್ಧವಾಗುವುದು, ಅದಕ್ಕಾಗಿ ಮನೆಯವರೆಲ್ಲ ಹೊಂದಿಕೊಳ್ಳುವುದು ಆ ಚಿತ್ರದ ನಿಜವಾದ ಸಂಗತಿ ಎಂದು ನನಗನ್ನಿಸಿತು. ಪ್ರಾಣಿಸೇವೆಯನ್ನು ಒಬ್ಬರು ಮಾಡುತ್ತಾರೆ, ಮನೆಯವರೆಲ್ಲ ಸಹಿಸುತ್ತಾರೆ. ಇದು ದೆಹಲಿಗೂ ನಿಜ, ಬಸವೇಶ್ವರನಗರಕ್ಕೂ ನಿಜ.

ಬೀದಿಯ ಜೀವ ಎಂದರೆ ನಾಯಿ. ಇಲ್ಲಿ ಪ್ರೀತಿಯ ಮಾತಾಡುವ ಮುಂಚೆ ಒಂದು ಸಾವಿನ ಮಾತಾಡಬೇಕು. 2007ರ ಜನವರಿಯಲ್ಲಿ ವಿಜಯನಗರದ ಪಕ್ಕದ ಚಂದ್ರಾ ಲೇಔಟ್‌ನಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳನ್ನು ಬೀದಿನಾಯಿಗಳು ಕಚ್ಚಿ ಕೊಂದವು. ಕೆಲವೇ ವಾರಗಳಲ್ಲಿ ನಗರದಲ್ಲಿ ಇನ್ನೊಂದು ಮಗುವೂ ಬಲಿಯಾಯಿತು. ಜನ ರೊಚ್ಚಿಗೆದ್ದರು, ಪಾಲಿಕೆ ಸಾಮೂಹಿಕವಾಗಿ ನಾಯಿ ಹಿಡಿಯಲು ಹೊರಟಿತು, ಪ್ರಾಣಿಪ್ರಿಯರು ಪ್ರತಿಭಟಿಸಿದರು. ನಾಯಿಗೆ ಅನ್ನ ಹಾಕುವವರನ್ನು ಇಂದಿಗೂ ಎದುರುಮನೆಯವರು ಗದರುವಾಗ ಆ ಭಯದ ನೆನಪು ಎಲ್ಲೋ ಕೆಲಸ ಮಾಡುತ್ತಿರುತ್ತದೆ. ಅದನ್ನು ಬರೀ ಕಲ್ಲುಮನಸ್ಸು ಎಂದು ಬದಿಗೆ ಸರಿಸುವುದು ಅನ್ಯಾಯ.

ಹಾಗಾದರೆ ಹಿಡಿದು ದೂರ ಬಿಟ್ಟರಾಗದೆ? ಆಗದು. ಕಾನೂನೂ ಒಪ್ಪುವುದಿಲ್ಲ, ನಾಯಿಗಳೂ ಒಪ್ಪುವುದಿಲ್ಲ. ಒಂದು ಬೀದಿಯಲ್ಲಿ ಎಷ್ಟು ನಾಯಿ ಇರಬೇಕು ಎಂಬುದನ್ನು ತೀರ್ಮಾನಿಸುವುದು ಆ ಬೀದಿಯ ಕಸ ಮತ್ತು ಅನ್ನ. ಇದ್ದವನ್ನು ಒಯ್ದರೆ ಜಾಗ ಖಾಲಿಯಾಗುತ್ತದೆ, ಪಕ್ಕದ ಬೀದಿಯವು ಬಂದು ಸೇರುತ್ತವೆ, ಹೊಸವು ಗಡಿಗಾಗಿ ಕಚ್ಚಾಡುತ್ತವೆ. 2001ರಲ್ಲಿ ಬಂದು 2023ರಲ್ಲಿ ಹೊಸದಾದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವುದು ಇಷ್ಟೇ: ಹಿಡಿಯಿರಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಿ. ಬೆಂಗಳೂರಿನಲ್ಲಿ ಇದು ಕೆಲಸ ಮಾಡಿದೆ ಎನ್ನಲು ಲೆಕ್ಕವೂ ಇದೆ. ಬಿಬಿಎಂಪಿಯ 2019ರ ಸಮೀಕ್ಷೆಯಲ್ಲಿ ನಗರದ ಬೀದಿನಾಯಿಗಳು ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ. ಶಸ್ತ್ರಚಿಕಿತ್ಸೆಯಾದ ನಾಯಿಗಳ ಪಾಲು ಆ ನಾಲ್ಕು ವರ್ಷಗಳಲ್ಲಿ ಶೇ 51ರಿಂದ ಶೇ 71ಕ್ಕೆ ಏರಿತು. ಊರು ಬೆಳೆಯುತ್ತಲೇ ನಾಯಿಗಳ ಸಂಖ್ಯೆ ಇಳಿದಿದೆ. ಈ ಸುದ್ದಿ ಕಚ್ಚಿದ ಸುದ್ದಿಯಷ್ಟು ದೊಡ್ಡದಾಗಿ ಅಚ್ಚಾಗಲಿಲ್ಲ.

2025ರಲ್ಲಿ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ದೆಹಲಿಯ ನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸೇರಿಸಿ ಎಂದು ಆಗಸ್ಟ್ 11ರಂದು ಬಂದ ಆದೇಶವನ್ನು ಅದೇ ತಿಂಗಳ 22ರಂದು ದೊಡ್ಡ ಪೀಠ ತಿದ್ದಿತು. ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆಯ ನಂತರ ಅಲ್ಲೇ ಬಿಡಬೇಕು, ಗೊತ್ತುಪಡಿಸಿದ ಜಾಗದಲ್ಲಷ್ಟೇ ಅನ್ನ ಹಾಕಬೇಕು ಎಂದಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆಗಳಿಂದ ತೆಗೆದ ನಾಯಿಗಳನ್ನು ಮರಳಿ ಅಲ್ಲೇ ಬಿಡಬಾರದು ಎಂಬ ಆದೇಶವೂ ಬಂತು. ಅದಕ್ಕೆ ಕೆಲವು ತಿಂಗಳ ಮುಂಚೆ, ಬೀದಿನಾಯಿಗಳಿಗೆ ಕೋಳಿ ಅನ್ನ ಕೊಡುವ ಬಿಬಿಎಂಪಿಯ ಟೆಂಡರು ದೇಶಕ್ಕೆಲ್ಲ ಹಾಸ್ಯದ ವಸ್ತುವಾಗಿತ್ತು. ಹೊಟ್ಟೆ ತುಂಬಿದ ನಾಯಿ ಕಚ್ಚುವುದು ಕಡಿಮೆ ಎಂಬ ಅದರ ಹಿಂದಿನ ತರ್ಕವನ್ನು ಅಷ್ಟು ಸುಲಭವಾಗಿ ನಕ್ಕು ತಳ್ಳಿಹಾಕುವಂತಿರಲಿಲ್ಲ. ಆದರೆ ಅನ್ನ ಹಾಕುವುದು ಈ ಕೆಲಸದ ಸುಲಭದ ಅರ್ಧ. ಅನ್ನ ಹಾಕುವ ಕೈಗೆ ನಾಯಿ ಬರುತ್ತದೆ, ಬೇರೆಯವರಿಗೆ ಬರುವುದಿಲ್ಲ. ಹಾಗಾಗಿ ಹಿಡಿಯುವ ಗಾಡಿ ಬಂದ ದಿನ ಅದನ್ನು ಹಿಡಿದು ಕೊಡಬೇಕಾದವರೂ ಅವರೇ. ರಾತ್ರಿ ಹತ್ತಕ್ಕೆ ಸ್ಕೂಟರಿನಲ್ಲಿ ಅನ್ನದ ಡಬ್ಬ ಹೊತ್ತು ಏಳೆಂಟು ಬೀದಿ ಸುತ್ತಿ, ಒಂದೂ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸದವರು ಮುಂದಿನ ವರ್ಷದ ಮರಿಗಳಿಗೆ ತಾವೇ ಅಕ್ಕಿ ಅಳೆದಿಟ್ಟ ಹಾಗೆ.

ಇನ್ನು ಮನೆಯ ಜೀವ. ತಾಯಿ ಸತ್ತ ಮರಿ, ಕಾಲು ಕಳೆದುಕೊಂಡು ಬೀದಿಯಲ್ಲಿ ಬದುಕಲಾಗದ ನಾಯಿ, ಯಾರೋ ಸಾಕಿ ಕೈಬಿಟ್ಟ ಜಾತಿನಾಯಿ ಇವಕ್ಕೆ ಬೀದಿ ಗೊತ್ತಿಲ್ಲ, ಮನೆಯೇ ಬೇಕು. ಲಾಕ್‌ಡೌನಿನಲ್ಲಿ ಬೇಸರ ಕಳೆಯಲು ಕೊಂಡ ನಾಯಿಗಳು ಕಚೇರಿಗಳು ತೆರೆದ ಮೇಲೆ ಬೀದಿಗೆ ಬಂದವು. ಕಿರಣ್‌ರಾಜ್ ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ 2022ರ ಜೂನ್‌ನಲ್ಲಿ ತೆರೆಗೆ ಬಂದಾಗ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತಮ್ಮ ಸತ್ತ ನಾಯಿಯನ್ನು ನೆನೆದು ಅತ್ತರು. ಆ ಕತೆಯ ನಾಯಿ ಕೂಡ ಅಕ್ರಮವಾಗಿ ಮರಿ ಹಾಕಿಸಿ ಮಾರುವವನಿಂದ ತಪ್ಪಿಸಿಕೊಂಡು ಬಂದದ್ದು. ಚಿತ್ರ ನೋಡಿ ಅತ್ತವರಲ್ಲಿ ಕೆಲವರು ಮರುವಾರ ಲ್ಯಾಬ್ರಡಾರ್ ಮರಿಗೆ ಬೆಲೆ ವಿಚಾರಿಸಿದ್ದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬೀದಿಯಿಂದ ಬಂದ ನಾಯಿ ಮೊದಲ ದಿನಗಳಲ್ಲಿ ಮಂಚದ ಕೆಳಗೇ ಇರುತ್ತದೆ. ತಿನ್ನುವುದಿಲ್ಲ, ಅಥವಾ ಯಾರೋ ಕಸಿಯುವರೆಂಬ ಹಾಗೆ ಗಬಗಬ ತಿನ್ನುತ್ತದೆ. ಈ ಕೆಲಸದವರು ಹೇಳುವ ಲೆಕ್ಕ ಮೂರು ದಿನ, ಮೂರು ವಾರ, ಮೂರು ತಿಂಗಳು. ಭಯ ಇಳಿಯಲು ಮೊದಲನೆಯದು, ಮನೆಯ ವೇಳಾಪಟ್ಟಿ ತಿಳಿಯಲು ಎರಡನೆಯದು, ಇದು ನನ್ನ ಮನೆ ಅನ್ನಿಸಲು ಮೂರನೆಯದು. ಮಕ್ಕಳಿರುವ ಮನೆಯಲ್ಲಿ ನಾಯಿಗಿಂತ ಮೊದಲು ಮಕ್ಕಳಿಗೆ ಪಾಠ ಬೇಕು: ಉಣ್ಣುವಾಗ, ಮಲಗಿದಾಗ ಮುಟ್ಟಬೇಡ, ಕುತ್ತಿಗೆ ತಬ್ಬಿಕೊಳ್ಳಬೇಡ, ಅದು ಎದ್ದು ಹೋದರೆ ಹಿಂದೆ ಹೋಗಬೇಡ. ಆರು ವಾರ ದಾಟಿದ ಮರಿಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಮನೆಯಲ್ಲಿ ಮೊದಲೇ ನಾಯಿಯಿದ್ದರೆ ಹೊಸ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿಡುವುದು ಒಳ್ಳೆಯದು, ಏಕೆಂದರೆ ಪಾರ್ವೊ ವೈರಸ್ಸು ಚಪ್ಪಲಿಗೂ ಅಂಟಿ ಬರುತ್ತದೆ.

ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರಂತಸ್ತು ಏರಿಸಿದ ನಮ್ಮ ಮನೆಗಳಲ್ಲಿ ಬೇರೆ ಕೋಣೆ ಎಲ್ಲಿಂದ ತರುವುದು ಎಂದರೆ ಅದೂ ಸರಿಯೇ. ಟೆರೇಸಿನ ಮೆಟ್ಟಿಲ ಕೆಳಗೆ, ನೀರಿನ ಮೋಟಾರಿನ ಪಕ್ಕ, ಬಾಲ್ಕನಿಯಲ್ಲಿ, ಬೇರೆ ಮನೆ ಸಿಗುವವರೆಗೆ ಇಟ್ಟುಕೊಂಡ ‘ಫಾಸ್ಟರ್’ ಮರಿಗಳು ಬೆಳೆದಿವೆ. ಬಾಡಿಗೆಯವರ ಪಾಡು ಇನ್ನೂ ಕಷ್ಟ: ‘ನಾಯಿ ಇದೆ’ ಎಂದೊಡನೆ ಮನೆ ಖಾಲಿಯಿಲ್ಲ ಅನ್ನಿಸಿಕೊಳ್ಳುತ್ತಾರೆ. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೆ ಮನೆಯ ಮಾಲೀಕರ ಮುಂದೆ ಸುತ್ತೋಲೆ ಓದಿ ಮನೆ ಗಿಟ್ಟಿಸಿದವರನ್ನು ನಾನು ಕಂಡಿಲ್ಲ.

ನಮ್ಮ ಕಡೆಯ ಮನೆಗಳಿಗೆ ವಿಶೇಷವಾದ ಸಮಸ್ಯೆ ಅಡುಗೆಮನೆಯದು. ಸಸ್ಯಾಹಾರಿ ಮನೆ, ಮಡಿಯ ಅಜ್ಜಿ, ದೇವರ ಕೋಣೆ. ನಾಯಿಗೆ ಏನು ಹಾಕುವುದು? ಮೊಸರನ್ನ ಎನ್ನುವುದು ಪರಂಪರಾಗತ ಉತ್ತರ. ನಾಯಿಯ ಮಟ್ಟಿಗೆ ಅದು ಪೂರ್ತಿ ತಪ್ಪಲ್ಲ. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ನಾಯಿ ಪಿಷ್ಟ ಜೀರ್ಣಿಸುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚು ಬೆಳೆಸಿಕೊಂಡಿದೆ ಎಂದು ಸ್ವೀಡನ್ನಿನ ವಿಜ್ಞಾನಿಗಳ ತಂಡ 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿತು. ಆದರೂ ಬರೀ ಮೊಸರನ್ನದಲ್ಲಿ ಪ್ರೋಟೀನ್ ಸಾಲದು. ಮೊಟ್ಟೆಯನ್ನಾದರೂ, ಪಶುವೈದ್ಯರು ಹೇಳಿದ ಸಿದ್ಧ ಆಹಾರವನ್ನಾದರೂ ಸೇರಿಸಬೇಕು. ಬೆಕ್ಕಿನ ವಿಷಯದಲ್ಲಿ ರಾಜಿಯೇ ಇಲ್ಲ. ಬೆಕ್ಕಿನ ದೇಹ ಟಾರಿನ್ ಎಂಬ ಅಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಸಿಗುವುದು ಮಾಂಸದಲ್ಲಿ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹೃದಯದ ವಿಷಯವನ್ನು ಅಮೆರಿಕದ ಸಂಶೋಧಕರು 1987ರಲ್ಲಿ ಖಚಿತಪಡಿಸಿದರು. ಮಾಂಸ ತರಲಾಗದ, ಮಾಂಸವಿರುವ ಡಬ್ಬದ ಆಹಾರವನ್ನೂ ತರಲೊಪ್ಪದ ಮನೆ ಬೆಕ್ಕು ಸಾಕುವ ಯೋಚನೆ ಬಿಡುವುದೇ ದಯೆ. ಇನ್ನೊಂದು ಮಾತು: ಮನೆಯಲ್ಲಿ ಜ್ವರಕ್ಕಿರುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ನಾಯಿಗೆ ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಆಗದು. ಸಾಂಬಾರನ್ನ ಹಾಕುವವರು ಈರುಳ್ಳಿ ನೆನಪಿಡಬೇಕು.

ಮಡಿಯ ಪ್ರಶ್ನೆ ಅಷ್ಟು ಗಟ್ಟಿಯಾದದ್ದೇನಲ್ಲ. ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿವೆ, ಭೈರವನ ವಾಹನವೇ ನಾಯಿ, ಮೈಲಾರಲಿಂಗನ ಒಕ್ಕಲಿನ ವಗ್ಗಯ್ಯಗಳು ದೇವರ ಮುಂದೆ ನಾಯಿಯಂತೆ ಬೊಗಳುತ್ತಾರೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಗುಡಿಯಿದೆ. ಅದನ್ನು ಕಟ್ಟಿಸಿದ್ದು 2010ರಲ್ಲಿ. ಅದಕ್ಕೂ ಸಾವಿರ ವರ್ಷ ಹಿಂದಿನದು ಆತಕೂರಿನ ಕಲ್ಲು. ಗಂಗರ ಬೂತುಗನಿಂದ ಸೇನಾನಿ ಮಣಲೇರ ಬೇಡಿ ಪಡೆದದ್ದು ಊರನ್ನಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು. ದೊಡ್ಡ ಹಂದಿಯೊಂದರ ಜೊತೆ ಕಾದಾಡಿ ಕಾಳಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಹತ್ತನೆಯ ಶತಮಾನದ ನಡುವಿನ ಆ ಶಾಸನ ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಆದರೆ ನಾಯಿ ಬೇಡ ಎನ್ನುವವರು ಮಡಿಯ ಹೆಸರು ಹೇಳಿದರೂ ಅವರ ಮನಸ್ಸಿನಲ್ಲಿರುವುದು ಬೇರೆ: ಯಾರು ನೋಡಿಕೊಳ್ಳುತ್ತಾರೆ? ಅದು ನ್ಯಾಯವಾದ ಪ್ರಶ್ನೆ. ನಾಯಿಯ ಆಯಸ್ಸು ಹನ್ನೆರಡು-ಹದಿನಾಲ್ಕು ವರ್ಷ. ಪಿಯುಸಿ ಓದುವ ಮಗ ಎತ್ತಿಕೊಂಡು ಬಂದ ಮರಿ, ಅವನು ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹಾರುವ ಹೊತ್ತಿಗೆ ನಡುವಯಸ್ಸಿನದಾಗಿರುತ್ತದೆ. ವಿಜಯನಗರದ ಪಾರ್ಕುಗಳ ಸುತ್ತ ಬೆಳಗ್ಗೆ ಆರಕ್ಕೆ ನಾಯಿ ಹಿಡಿದು ನಡೆಯುವ ನಿವೃತ್ತರಲ್ಲಿ ಎಷ್ಟು ಮಂದಿ ಅದು ಮನೆಗೆ ಬಂದ ದಿನ ‘ನಾಳೆನೇ ವಾಪಸ್ ಬಿಟ್ಟು ಬಾ’ ಎಂದು ಗದರಿದ್ದರೋ! ನಾಯಿ ಬಂದ ಮೇಲೆ ಸಕ್ಕರೆ ಅಂಶ ಇಳಿಯಿತು ಎಂದು ಈಗ ಅವರೇ ಹೇಳುತ್ತಾರೆ. ಹಾಗೆಂದು ಅದನ್ನೇ ನೆಚ್ಚಿ ಮರಿ ತರುವುದು ಸರಿಯಲ್ಲ. ತರುವ ಮುಂಚೆ ಮನೆಯ ಹಿರಿಯರ ಒಪ್ಪಿಗೆ ಇರಲಿ, ಮಗನದ್ದಷ್ಟೇ ಅಲ್ಲ. ಒಪ್ಪಿಗೆ ಸಿಗದಿದ್ದರೆ ಎರಡು ವಾರಕ್ಕೆಂದು ಫಾಸ್ಟರ್ ಮಾಡಿ. ಗಾಯ ಒಣಗುವವರೆಗೆ, ಮರಿಗೆ ಮನೆ ಸಿಗುವವರೆಗೆ ಇಟ್ಟುಕೊಳ್ಳುವ ಈ ಮನೆಗಳೇ ಆಶ್ರಯತಾಣಗಳ ಭಾರ ಇಳಿಸುವುದು. ಕಿಕ್ಕಿರಿದ ಆಶ್ರಯತಾಣದಲ್ಲಿ ಪಾರ್ವೊ ಹರಡಿದರೆ ಒಂದು ಮರಿಯೂ ಉಳಿಯದೆ ಹೋಗಬಹುದು.

ಪ್ರಾಣಿಗಳ ಜೊತೆ ಕೆಲಸ ಮಾಡುವವರು ತಮಗಾಗಿ ಮಾಡಿಕೊಳ್ಳಬೇಕಾದ ಕೆಲಸವೂ ಒಂದಿದೆ: ಕಚ್ಚುವ ಮುಂಚೆಯೇ ರೇಬಿಸ್ ಲಸಿಕೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ, ಮೂರನೆಯ ಒಂದಕ್ಕೂ ಹೆಚ್ಚು ಪಾಲು ಭಾರತದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಬಹುತೇಕ ಇಲ್ಲ. ಲಕ್ಷಣಕ್ಕೆ ಮುಂಚೆ ಸರಿಯಾಗಿ ಚಿಕಿತ್ಸೆಯಾದರೆ ಸಾಯುವುದೂ ಬಹುತೇಕ ಇಲ್ಲ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಬೇಡ. ‘ನಮ್ಮ ಬೀದಿ ನಾಯಿನೇ ಅಲ್ವಾ, ಏನೂ ಆಗಲ್ಲ’ ಎಂಬ ಮಾತು ಪ್ರಾಣಿಪ್ರಿಯರ ಬಾಯಲ್ಲೇ ಹೆಚ್ಚು ಕೇಳಿಸುತ್ತದೆ, ಅದಕ್ಕೇ ಹೇಳಬೇಕಾಯಿತು.

ಸಾಕಿದ್ದು ಸತ್ತಾಗ ಏನು ಮಾಡುವುದೆಂದು ಕಾಂಪೌಂಡೂ ಇಲ್ಲದ ಮನೆಗಳವರು ಕೇಳುತ್ತಾರೆ. ಕೆಂಗೇರಿಯ ಅದೇ ಪೀಪಲ್ ಫಾರ್ ಅನಿಮಲ್ಸ್ ಆವರಣದಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ. ಹೆಸರು ಕೆತ್ತಿದ ಸಣ್ಣ ಸಣ್ಣ ಕಲ್ಲುಗಳಿವೆ.

ಕೊನೆಗೆ ಮತ್ತೆ ಬೀದಿಗೆ ಬರೋಣ. ‘ಕಾರ್ತಿಕದ ನಾಯಿ’ ಎಂದು ನಮ್ಮ ಹಿರಿಯರು ಸುಮ್ಮನೆ ಅನ್ನಲಿಲ್ಲ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಬೀದಿನಾಯಿಗಳು ಬೆದೆಗೆ ಬರುತ್ತವೆ, ಎರಡು ತಿಂಗಳಿಗೆ ಮರಿ ಹಾಕುತ್ತವೆ. ಮಾಗಿಯ ಚಳಿಯಲ್ಲಿ ಚರಂಡಿಯ ಪಕ್ಕ ಕುಂಯ್‌ಗುಡುವ ಐದಾರು ಮರಿಗಳಲ್ಲಿ ಹೆಚ್ಚಿನವು ಬೇಸಿಗೆ ಕಾಣುವುದಿಲ್ಲ. ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದರೂ ಸಂತಾನಹರಣ ಚಿಕಿತ್ಸೆ ಪಾಲಿಕೆಯದ್ದೇ ಹೊಣೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಈ ಭಾನುವಾರ ನಿಮ್ಮ ಬೀದಿಯ ನಾಯಿಗಳ ಕಿವಿ ನೋಡಿ. ತುದಿ ಕತ್ತರಿಸದ ಹೆಣ್ಣು ನಾಯಿ ಒಂದಿದ್ದರೂ ಸಹಾಯವಾಣಿ 1533ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಗಾಡಿ ಬರುವವರೆಗೆ ಬಿಡದೆ ಕೇಳಿ. ಕಾರ್ತಿಕಕ್ಕೆ ಮುಂಚೆ ಆಗಬೇಕು.